ಒಂದು ಎಂಬಿಯ ವಾದ್ಯವೃಂದ

ಸೌಂಡ್ ಬ್ಲಾಸ್ಟರ್ ಎಡಬ್ಲ್ಯುಇ32 ಎಂಬ ಸೌಂಡ್ ಕಾರ್ಡಿನ ಉದ್ದ 14 ಇಂಚು. 1994ರಲ್ಲಿ ಸಿಂಗಾಪುರದ ಕ್ರಿಯೇಟಿವ್ ಕಂಪನಿ ಬಿಟ್ಟ ಈ ಕಾರ್ಡನ್ನು ಸಣ್ಣ ಕ್ಯಾಬಿನೆಟ್ಟಿಗೆ ತುರುಕುವುದೇ ಒಂದು ಸಾಹಸ. ಇಷ್ಟುದ್ದದ ಹಲಗೆಯಲ್ಲಿ ವಾದ್ಯಗಳಿಗೆ ಕೊಟ್ಟ ಕಾಯಂ ಮೆಮೊರಿ ಮಾತ್ರ ಒಂದೇ ಎಂಬಿ. 1991ರಲ್ಲಿ ಗೊತ್ತಾದ ಜನರಲ್ ಮಿಡಿ ಪಟ್ಟಿಯ 128 ವಾದ್ಯಗಳು, ಮೇಲೆ ಡ್ರಮ್ಮುಗಳು, ಎಲ್ಲ ಅದರೊಳಗೇ ಹೊಂದಿಕೊಂಡು ಹೋಗಬೇಕಿತ್ತು. ಆ ಪಟ್ಟಿಯಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ. ವೀಣೆಗೆ ಜಾಗ ಸಿಕ್ಕಲಿಲ್ಲ, ಮೃದಂಗಕ್ಕೂ ಇಲ್ಲ.

ಅದಕ್ಕೂ ಮೊದಲಿನ ಕಥೆ ಇನ್ನೂ ಬಡವರದು. ಕೆನಡಾದ ಕ್ವಿಬೆಕ್‌ನಿಂದ 1987ರಲ್ಲಿ ಬಂದ ಆಡ್‌ಲಿಬ್ ಕಾರ್ಡಿನಲ್ಲಿದ್ದದ್ದು ಯಮಹಾದ ಚಿಪ್ಪು, ಒಮ್ಮೆಗೆ ಒಂಬತ್ತು ದನಿ. ನಿಜವಾದ ವಾದ್ಯದ ಸದ್ದು ಅದರೊಳಗೆ ಎಳ್ಳಷ್ಟೂ ಇಲ್ಲ. ಒಂದು ಅಲೆಯಿಂದ ಇನ್ನೊಂದನ್ನು ಅಲುಗಾಡಿಸಿ ನಾದ ಹುಟ್ಟಿಸುವ ಎಫ್‌ಎಂ ವಿದ್ಯೆ ಅದು, ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ ಕಂಡುಕೊಂಡದ್ದು. ಗಂಟೆ, ಆರ್ಗನ್ ಸೊಗಸಾಗಿ ಬರುತ್ತಿದ್ದವು. ಪಿಟೀಲು ಬಾಟಲಿಯಲ್ಲಿ ಸಿಕ್ಕಿಬಿದ್ದ ದುಂಬಿ.

ಎಸ್.ಪಿ. ರೋಡಿನ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದ ನನಗೆ ಗೊತ್ತು, ನಮ್ಮ ಗಿರಾಕಿಗಳು ಕೇಳಿದ್ದು ಹೆಚ್ಚಾಗಿ ಈ ದುಂಬಿಯನ್ನೇ. ‘ಸೌಂಡ್ ಬಂದ್ರೆ ಸಾಕು’ ಅನ್ನುವವರಿಗೆ ಎಫ್‌ಎಂ ಚಿಪ್ಪಿನ ಅಗ್ಗದ ಕಾರ್ಡು ಹಾಕಿ ಕಳಿಸುತ್ತಿದ್ದೆ.

1993ರಲ್ಲಿ ಕ್ರಿಯೇಟಿವ್ ಕಂಪನಿ ಕ್ಯಾಲಿಫೋರ್ನಿಯಾದ ಇ-ಮ್ಯುವನ್ನು ಕೊಂಡಿತು. ಅಸಲಿ ವಾದ್ಯದ ಸದ್ದನ್ನು ಹಿಡಿದಿಟ್ಟು ನುಡಿಸುವ ಸ್ಯಾಂಪ್ಲರ್ ಮಾಡುವುದರಲ್ಲಿ ಪಳಗಿದ ಕೈಗಳವು. ಎಡಬ್ಲ್ಯುಇ32ರ ಒಳಗಿದ್ದ ಇಎಂಯು8000 ಚಿಪ್ಪು ಅವರದೇ, ಸೌಂಡ್‌ಫಾಂಟ್ ಎಂಬ ವಾದ್ಯ-ಫೈಲಿನ ಮಾದರಿಯೂ ಅವರದೇ. ಕಾರ್ಡಿನ ಒಂದು ಎಂಬಿ ಬೇಸರವಾದರೆ ನಿಮ್ಮದೇ ವಾದ್ಯಗಳನ್ನು ಅದರ ಮೆಮೊರಿಗೆ ತುಂಬಿಸಬಹುದಿತ್ತು. ಹುಟ್ಟಾ 512 ಕೆಬಿ. ಸಿಮ್ ಮೆಮೊರಿ ಸಿಕ್ಕಿಸಿದರೆ 28 ಎಂಬಿಯವರೆಗೆ.

ಆ ಕಾಲದ ಸೌಂಡ್‌ಫಾಂಟ್ ಒಂದನ್ನು ಪಾಲಿಫೋನ್ ಎಡಿಟರಿನಲ್ಲಿ ಬಿಚ್ಚಿ ನೋಡಿದರೆ ಜಿಪುಣತನದ ಜಾಣ್ಮೆ ಕಾಣುತ್ತದೆ. ಪಿಟೀಲಿನ ಕಮಾನು ತಾಗುವ ಮೊದಲ ಕ್ಷಣ ಮಾತ್ರ ಅಸಲಿ. ಆಮೇಲೆ ಎರಡು ಗುರುತುಗಳ ನಡುವಿನ ಚೂರೊಂದು ಸುತ್ತುತ್ತಲೇ ಇರುತ್ತದೆ. ಕಂಪನ ಅದೇ ಜಾಗಕ್ಕೆ ಮರಳಿ ಮರಳಿ ಬರುವುದು ಹೆಡ್‌ಫೋನ್ ಹಾಕಿದರೆ ತಿಳಿಯುತ್ತದೆ. ಪಿಯಾನೋದ ಒಂದೇ ಸದ್ದನ್ನು ಎಷ್ಟೋ ಸ್ವರಗಳಿಗೆ ಎಳೆದಿರುತ್ತಾರೆ. ದನಿ ತಗ್ಗುತ್ತ ಹೋದಂತೆ ಫಿಲ್ಟರ್ ಅದರ ಹೊಳಪನ್ನೂ ಕಳೆಯುತ್ತದೆ, ಕಿವಿ ಮೋಸ ಹೋಗುತ್ತದೆ.

ಈಗ ಕಾರ್ಡು ಬೇಕಿಲ್ಲ. ಡಾಸ್‌ಬಾಕ್ಸ್‌ನಲ್ಲಿ ಹಳೆಯ ಆಟ ಓಡಿಸಿ ಅದರ ಮಿಡಿಯನ್ನು ನುಡಿಸುವ ತಂತ್ರಾಂಶವಾದ ಫ್ಲೂಯಿಡ್‌ಸಿಂತ್‌ಗೆ ದಾಟಿಸಿ ಸೌಂಡ್‌ಫಾಂಟಿನ ಒಂದು ಎಸ್‌ಎಫ್2 ಫೈಲ್ ತೋರಿಸಿದರೆ ಮುಗಿಯಿತು. ಮಿಡಿ ಅಂದರೆ ಧ್ವನಿಮುದ್ರಣವಲ್ಲ. ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಒತ್ತಿ ಎಂಬ ಆಜ್ಞೆ ಅಷ್ಟೇ. ಹಾಗಾಗಿ ತಕರಾರು ಶುರುವಾಗುವುದು ಯಾವ ಫೈಲ್ ಎಂಬಲ್ಲಿ. ಲಿನಕ್ಸ್ ಬಳಗದಲ್ಲಿ ಸಲೀಸಾಗಿ ಸಿಗುವ ಫ್ಲೂಯಿಡ್ ಆರ್3 ಸುಮಾರು 140 ಎಂಬಿ. ಕೇಳಲು ಶ್ರೀಮಂತ, ಆದರೆ ಹಳೆಯ ಆಟಗಳಿಗೆ ನನಗದು ಒಗ್ಗುವುದಿಲ್ಲ. ತೆಳ್ಳಗಿನ ತುತ್ತೂರಿಯನ್ನು ಎಣಿಸಿ ಹೊಂದಿಸಿದ ಸಂಗೀತದಲ್ಲಿ ದಪ್ಪ ತುತ್ತೂರಿ ಬಂದು ಮಿಕ್ಕವರನ್ನೆಲ್ಲ ಮುಳುಗಿಸುತ್ತದೆ. 1993ರ ಡೂಮ್ ಆಟಕ್ಕೆ ಬಾಬಿ ಪ್ರಿನ್ಸ್ ಸಂಗೀತ ಕೂರಿಸಿದ್ದು ರೋಲ್ಯಾಂಡ್ ಎಸ್‌ಸಿ-55 ಎಂಬ ಮಿಡಿ ಪೆಟ್ಟಿಗೆ ಇಟ್ಟುಕೊಂಡು. ಅವರ ಕಿವಿಗೆ ಬಿದ್ದದ್ದು ಬೇಕೆಂದರೆ ಆ ಪೆಟ್ಟಿಗೆಯಿಂದ ಸ್ಯಾಂಪಲ್ ಮಾಡಿದ ಫಾಂಟ್ ಹುಡುಕಬೇಕು. ಅಷ್ಟು ತಾಳ್ಮೆಯಿಲ್ಲದವರಿಗೆ ವಿಂಡೋಸ್ ಒಳಗೇ ಜಿಎಂ.ಡಿಎಲ್‌ಎಸ್ ಎಂಬ ಫೈಲಿದೆ. ಮೂರೂವರೆ ಎಂಬಿಗೂ ಕಡಿಮೆ, ರೋಲ್ಯಾಂಡ್‌ನದೇ ಸದ್ದುಗಳು.

ಫಾಂಟ್ ಸರಿಹೋದರೂ ಎಡಬ್ಲ್ಯುಇ32 ಪೂರ್ತಿ ಮರಳುವುದಿಲ್ಲ. ಅದರ ರಿವರ್ಬ್, ಕೋರಸ್ ಎಂಬ ದನಿಯ ಮೆರುಗುಗಳು ಚಿಪ್ಪಿನೊಳಗೇ ಇದ್ದವು, ಫ್ಲೂಯಿಡ್‌ಸಿಂತ್‌ನ ರಿವರ್ಬ್ ಬೇರೆ ಜಾತಿಯದು. ಹಟವಿದ್ದವರು ಇಡೀ ಚಿಪ್ಪನ್ನೇ ಅನುಕರಿಸುವ 86ಬಾಕ್ಸ್ ಓಡಿಸುತ್ತಾರೆ. ನಾನು ರಿವರ್ಬ್ ಅರ್ಧಕ್ಕಿಳಿಸಿ ಬಿಡುತ್ತೇನೆ. ಡೂಮ್ ಮಾತ್ರ ಎಫ್‌ಎಂನಲ್ಲೇ: ಬಾಬಿ ಪ್ರಿನ್ಸ್ ಏನೇ ಕೇಳಿರಲಿ, ನಮ್ಮ ಗಿರಾಕಿಗಳು ಕೇಳಿದ ಡೂಮ್ ಅದೇ.