ಗಂಡಸರ ಹೊಟ್ಟೆ ಬೊಜ್ಜಿಗೆ ಹಾರ್ಮೋನ್ ಕಾರಣವೇ? 'ಟೆಸ್ಟೊಸ್ಟೆರಾನ್ ಪುಡಿ' ಬೊಜ್ಜು ಕರಗಿಸುತ್ತದೆಯೇ?

ಗಂಡಸರಿಗೆ ಹೊಟ್ಟೆ ಬರುವುದು ಟೆಸ್ಟೊಸ್ಟೆರಾನ್ ಕಡಿಮೆಯಾಗುವುದರಿಂದ, ಪುಡಿ ತಿಂದರೆ ಬೊಜ್ಜು ಕರಗುತ್ತದೆ ಎನ್ನುವ ಧಾಟಿಯ ಸಂದೇಶಗಳು ವಾಟ್ಸ್ಯಾಪ್‌ನಲ್ಲಿ ಆಗಾಗ ಬರುತ್ತವೆ. ವಿಜಯಪುರದ ಕಡೆ ಹೊಟ್ಟೆ ಬಂದವರನ್ನು ನೋಡಿ 'ಉಂಡದ್ದು ಮೈಗೆ ಹತ್ತೇತಿ' ಎಂದು ಮೆಚ್ಚುವವರೂ ಇದ್ದಾರೆ. ಇವೆರಡೂ ಎಷ್ಟು ನಿಜ ಎಂದು ನಾವು ಪರಿಶೀಲಿಸಿದೆವು.

ಬೊಜ್ಜು ಏನು ಮಾಡುತ್ತದೆ?

ಬೊಜ್ಜು ಸುಮ್ಮನೆ ಕೂಡಿಟ್ಟ ಕೊಬ್ಬಲ್ಲ. ಅದರಲ್ಲಿರುವ ಅರೊಮಟೇಸ್ ಎಂಬ ಕಿಣ್ವ ಟೆಸ್ಟೊಸ್ಟೆರಾನನ್ನು ಈಸ್ಟ್ರೊಜೆನ್ ಆಗಿ ಬದಲಿಸುತ್ತದೆ. ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಾದಂತೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ವೃಷಣಗಳಿಗೆ ಮೆದುಳಿನಿಂದ ಬರುವ ಸೂಚನೆಯೂ ಕುಗ್ಗಬಹುದು. ಹೀಗೆ ಟೆಸ್ಟೊಸ್ಟೆರಾನ್ ಇಳಿದರೆ ಸ್ನಾಯು ಕರಗಿ ಬೊಜ್ಜು ಇನ್ನಷ್ಟು ಬೆಳೆಯುತ್ತದೆ. ಅಂದರೆ ಹಾರ್ಮೋನ್ ಇಳಿದು ಹೊಟ್ಟೆ ಬರುವುದಕ್ಕಿಂತ, ಹೊಟ್ಟೆ ಬಂದು ಹಾರ್ಮೋನ್ ಇಳಿಯುವುದೇ ಹೆಚ್ಚು.

ಸಕ್ಕರೆ ಕಾಯಿಲೆ, ಬಿಪಿ, ಫ್ಯಾಟಿ ಲಿವರ್‌ಗೂ ಇದೇ ದಾರಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ 20 ವರ್ಷ ಮೇಲ್ಪಟ್ಟ ಭಾರತೀಯರಲ್ಲಿ ಶೇ 39.5ರಷ್ಟು ಮಂದಿಗೆ ಹೊಟ್ಟೆ ಬೊಜ್ಜು, ಶೇ 11.4ರಷ್ಟು ಮಂದಿಗೆ ಸಕ್ಕರೆ ಕಾಯಿಲೆ ಇದೆ.

ತೆಳ್ಳಗಿದ್ದರೆ ಚಿಂತೆ ಇಲ್ಲವೇ?

ಇದೆ. 2004ರಲ್ಲಿ ಪುಣೆಯ ವೈದ್ಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರ ದೇಹವನ್ನೇ ಹೋಲಿಸಿ ಬರೆದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2. ಹಾಗಾಗಿ ನಮ್ಮವರು ತೂಕವನ್ನಷ್ಟೇ ನೋಡಿದರೆ ಸಾಲದು.

ಪುಡಿ, ಇಂಜೆಕ್ಷನ್ ತೆಗೆದುಕೊಳ್ಳಬಹುದೇ?

ಇಂಥ ಪುಡಿಗಳು ಬೊಜ್ಜು ಕರಗಿಸುತ್ತವೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಇಂಜೆಕ್ಷನ್ ಇನ್ನೂ ಅಪಾಯ. ಹೊರಗಿನಿಂದ ಟೆಸ್ಟೊಸ್ಟೆರಾನ್ ಬಂದರೆ ಮೆದುಳು ವೃಷಣಗಳಿಗೆ ಸೂಚನೆ ಕೊಡುವುದನ್ನು ನಿಲ್ಲಿಸುತ್ತದೆ. ವೀರ್ಯಾಣು ಉತ್ಪಾದನೆ ಕುಸಿಯುತ್ತದೆ, ಕೆಲವರಲ್ಲಿ ನಿಂತೇ ಹೋಗುತ್ತದೆ. ಮಕ್ಕಳು ಬೇಕೆನ್ನುವವರು ಜಿಮ್ ಗೆಳೆಯರ ಮಾತು ಕೇಳಿ ಚುಚ್ಚಿಸಿಕೊಳ್ಳಬೇಡಿ. ಲಕ್ಷಣಗಳಿದ್ದು, ಬೆಳಗಿನ ರಕ್ತ ಪರೀಕ್ಷೆ ಎರಡು ಬಾರಿಯೂ ಕಡಿಮೆ ತೋರಿಸಿದರೆ ಮಾತ್ರ ವೈದ್ಯರು ಈ ಚಿಕಿತ್ಸೆಯ ಬಗ್ಗೆ ಯೋಚಿಸುತ್ತಾರೆ.

ಹಾಗಾದರೆ ಏನು ಮಾಡಬೇಕು?

ಮೊದಲು ಟೇಪಿನಿಂದ ಸೊಂಟ ಅಳೆಯಿರಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ಮೇಲೆ. ಪ್ಯಾಂಟಿನ ಸೈಜ್ ನಂಬಬೇಡಿ, ಅದನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ. ಭಾರತೀಯ ಗಂಡಸರಿಗೆ ಮಿತಿ 90 ಸೆಂ.ಮೀ., ಅಂದರೆ ಸುಮಾರು ಮೂವತ್ತೈದೂವರೆ ಇಂಚು. 30 ದಾಟಿದವರ ಆರೋಗ್ಯದ ಬಗ್ಗೆ ಆಶಾ ಕಾರ್ಯಕರ್ತೆಯರು ತುಂಬುವ ಫಾರ್ಮಿನಲ್ಲೂ ಇದೇ ಅಳತೆ ಇದೆ. ತಿಕೋಟಾ, ಬಬಲೇಶ್ವರದ ಕಡೆಯವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ಪರೀಕ್ಷೆಯನ್ನು ಉಚಿತವಾಗಿ ಮಾಡಿಸಬಹುದು.

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ. ಗಾಂಧಿ ಚೌಕಕ್ಕೂ ಬೈಕ್ ಬೇಡ. ಜೋಳದ ರೊಟ್ಟಿ ಬಿಡಬೇಕಿಲ್ಲ. ಸಿಹಿ ಚಹಾ, ಮಿರ್ಚಿ ಭಜಿ, ಮದ್ಯ ಕಡಿಮೆ ಮಾಡಿ. ತಿಕೋಟಾದ ಒಣದ್ರಾಕ್ಷಿಯೂ ಹಿತಮಿತವಾಗಿರಲಿ, ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ತೂಕ ಇಳಿಸಿದ ಗಂಡಸರಲ್ಲಿ ಟೆಸ್ಟೊಸ್ಟೆರಾನ್ ಮತ್ತೆ ಏರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ತೀರ್ಮಾನ: ಸಂದೇಶ ಅರ್ಧಸತ್ಯ. ಬೊಜ್ಜಿಗೂ ಹಾರ್ಮೋನಿಗೂ ಸಂಬಂಧ ಇರುವುದು ನಿಜ. ಪುಡಿಯಿಂದ ಪರಿಹಾರ ಎಂಬುದು ನಿಜವಲ್ಲ. ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಸೊಂಟ ಅಳೆದುಕೊಳ್ಳಿ.