ಹುಣಸೆಯ ಊರು ಯಾವುದು?

"ಅಮ್ಮಾ, ನಮ್ಮೂರು ಯಾವುದು? ಅಮೇರಾತೋ, ಮೈಸೂರೋ?" ಎಂದು ಮಗಳು ಕೇಳಿದಾಗ ಕುಂಡದಲ್ಲಿದ್ದ ಹುಣಸೆ ಗಿಡವನ್ನು ತೋರಿಸಿದೆ. ಕಡ್ಡಿಯ ಎರಡೂ ಬದಿ ಜೋಡಿಜೋಡಿಯಾಗಿ ಸಣ್ಣ ಎಲೆಗಳು, ಕತ್ತಲಾದರೆ ಮಡಚಿಕೊಳ್ಳುತ್ತವೆ. ಅದೇ ಅದರ ಗುರುತು.

ಈ ಮರದ ತವರು ಆಫ್ರಿಕಾ. ಬಹಳ ಹಿಂದೆಯೇ ಭಾರತಕ್ಕೆ ಬಂದು ನೆಲೆಸಿತು. ಅರಬರು ಇದನ್ನು 'ತಮರ್ ಹಿಂದಿ', ಅಂದರೆ ಭಾರತದ ಖರ್ಜೂರ ಎಂದರು. 'ಟ್ಯಾಮರಿಂಡ್' ಎಂಬ ಹೆಸರು ಬಂದದ್ದು ಅದರಿಂದಲೇ. 1753ರಲ್ಲಿ ಲಿನೇಯಸ್ ಕೂಡ ಇದಕ್ಕೆ 'ಇಂಡಿಕಾ' ಎಂದೇ ಸೇರಿಸಿದ. ದೇವನಹಳ್ಳಿ ಬಳಿಯ ನಲ್ಲೂರಿನ ಹಳೆಯ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ವಲಸೆ ಬಂದ ಮರವೇ ನಮ್ಮ ಪರಂಪರೆಯಾಯಿತು!

ಹುಣಸೆಗೆ ಮುಪ್ಪಾದರೂ ಹುಳಿಗೆ ಮುಪ್ಪಿಲ್ಲ ಎನ್ನುತ್ತಾರೆ. ಆದರೆ ತಾಯಿಮರದ ಗುಣ ಹಾಗೆಯೇ ಬರುವುದು ಕಸಿ ಗಿಡಕ್ಕೆ. ಬೀಜದಿಂದ ಬಂದ ಗಿಡದ ಹಣ್ಣಿನಲ್ಲಿ ಹುಳಿ ಸ್ವಲ್ಪ ಹೆಚ್ಚೋ ಕಡಿಮೆಯೋ ಆಗಬಹುದು. ಆದರೂ ಅದು ಹುಣಸೆಯೇ. ಇಲ್ಲಿ ಹುಟ್ಟಿ ಬೆಳೆದ ನೀವೂ ಹಾಗೆಯೇ.

ಅಡುಗೆಮನೆಯಿಂದ ಒಂದು ಬೀಜ ತಗೊಳ್ಳಿ, ರಾತ್ರಿ ನೆನೆಸಿ, ಬೆಳಗ್ಗೆ ನೆಡಿ. ಗಿಡ ಮೊಣಕಾಲೆತ್ತರ ಬಂದಾಗ ತುದಿ ಚಿವುಟಿ, ಪಕ್ಕದಲ್ಲಿ ಕೊಂಬೆಗಳು ಒಡೆಯುತ್ತವೆ. ಅಜ್ಜಿಗೆ ಫೋನ್ ಮಾಡಿದಾಗ ಮರೆಯದೆ ಹೇಳಿ: ನಮ್ಮನೆಯಲ್ಲೂ ಹುಣಸೆ ಚಿಗುರಿದೆ!