ಇಲಿ ಬಿದ್ದ ಊರು

‘ಇಲಿ ಬಿತ್ತು’ ಎಂಬ ಎರಡೇ ಮಾತಿಗೆ ಊರಿಗೆ ಊರೇ ಬರಿದಾಗುತ್ತಿದ್ದ ಕಾಲವೊಂದಿತ್ತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕಡೆಯ ವೃದ್ಧರ ಬಾಯಲ್ಲಿ ಈ ಮಾತು ಬಹುಕಾಲ ಉಳಿದಿತ್ತು. ಅಟ್ಟದಿಂದ ಸತ್ತ ಇಲಿ ಬಿದ್ದಿತೆಂದರೆ ಪ್ಲೇಗು ಬಂತೆಂದೇ ಅರ್ಥ. ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು.

1896ರಲ್ಲಿ ಮುಂಬಯಿಯನ್ನು ನಡುಗಿಸಿದ ಈ ಮಾರಿ ರೈಲುದಾರಿ ಹಿಡಿದು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಸರ್ಕಾರದವರು ರೋಗಿಗಳನ್ನು ಬೇರ್ಪಡಿಸಿದರು. ಮನೆಗಳನ್ನು ಔಷಧದಿಂದ ತೊಳೆಸಿದರು. ಹಾಫ್‌ಕಿನ್ ಪಂಡಿತನ ಚುಚ್ಚುಮದ್ದನ್ನು ಹಾಕಿಸಿಕೊಳ್ಳಿರೆಂದರು. 1897ರ ಜನವರಿಯಲ್ಲಿ ಆತ ಅದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದ. ಆದರೂ ಜನ ಹಿಂಜರಿದರು.

ಅದು ಬರಿಯ ಮೌಢ್ಯವೆ? ಗಟ್ಟಿಮುಟ್ಟಾದವನಿಗೆ ಸೂಜಿ ಚುಚ್ಚಿ ಜ್ವರ ಬರಿಸುವುದು ಯಾವ ಸೀಮೆಯ ವೈದ್ಯವೆಂದು ಯಾರಿಗಾದರೂ ತೋರದೆ? ಬಂದ ಜ್ವರ ಕಣ್ಣಿಗೆ ಕಾಣುತ್ತದೆ. ಬಾರದೆ ಹೋದ ಪ್ಲೇಗನ್ನು ಕಂಡವರು ಯಾರು? ಸಾಲದ್ದಕ್ಕೆ 1902ರಲ್ಲಿ ಪಂಜಾಬಿನ ಮಲ್ಕೋವಾಲದಲ್ಲಿ ಒಂದೇ ಶೀಷೆಯ ಮದ್ದಿನಿಂದ 19 ಮಂದಿ ಧನುರ್ವಾಯುವಿಗೆ ತುತ್ತಾದರು. ಹಾಫ್‌ಕಿನ್ ನಿರಪರಾಧಿಯೆಂದು ಜಗತ್ತು ಒಪ್ಪಲು 1907 ಬರಬೇಕಾಯಿತು. ಅಷ್ಟರಲ್ಲಿ ಭಯ ಬೇರುಬಿಟ್ಟಿತ್ತು.

ಇನ್ನು ಪಂಡಿತರಾದರೂ ಹೊಸ ಮಾತಿಗೆ ಕೂಡಲೆ ಕಿವಿಗೊಟ್ಟರೆ? ಇಲಿಯಿಂದ ಮನುಷ್ಯನಿಗೆ ಪ್ಲೇಗನ್ನು ಸಾಗಿಸುವುದು ಚಿಗಟವೆಂದು ಫ್ರೆಂಚ್ ವೈದ್ಯ ಸಿಮೊಂಡ್ 1898ರಲ್ಲಿಯೇ ಕರಾಚಿಯಲ್ಲಿ ತೋರಿಸಿದ. ಬೆಂಗಳೂರಿಗೆ ರೋಗ ಬಂದ ವರ್ಷವೂ ಅದೇ. ಕೊಳಕು, ನೆಲ, ಕೆಟ್ಟ ಗಾಳಿಗಳನ್ನೇ ನಂಬಿದ್ದ ವಿದ್ವಾಂಸರು ಅದನ್ನು ತಳ್ಳಿಹಾಕಿದರು. 1905ರಿಂದಾಚೆಗೆ ಮುಂಬಯಿಯಲ್ಲಿ ನಡೆದ ಪ್ರಯೋಗಗಳು ಅವರ ಬಾಯಿ ಮುಚ್ಚಿಸಿದವು.

ಇಲಿ ಸತ್ತು ತಣ್ಣಗಾದರೆ ಅದರ ಮೈಮೇಲಿನ ಚಿಗಟಗಳು ಬೇರೆ ಆಸರೆ ಹುಡುಕುತ್ತವೆ, ಹತ್ತಿರದಲ್ಲಿರುವವನು ಮನುಷ್ಯ. ಹಾಗಾದರೆ ಇಲಿ ಬಿದ್ದೊಡನೆ ಮನೆ ಬಿಟ್ಟ ಹಳ್ಳಿಗ ಮಾಡಿದ್ದು ಸರಿಯೇ ಎನ್ನಬೇಕು! ಕಾರಣ ತಿಳಿಯದಿದ್ದರೂ ಕಂಡದ್ದನ್ನು ಅವನು ಸರಿಯಾಗಿ ಕಂಡಿದ್ದ. ಕಾಣದ ಚಿಗಟದಲ್ಲಿ ಪಂಡಿತ ಎಡವಿದ. ಕಾಣದ ಫಲದಲ್ಲಿ ಪಾಮರ ಎಡವಿದ.

ಪ್ಲೇಗಮ್ಮನ ಗುಡಿ ಬೆಂಗಳೂರಿನಲ್ಲಿ ಇಂದಿಗೂ ಉಂಟು. ಅದನ್ನು ಕಂಡು ನಗುವ ಮುನ್ನ ಒಂದು ಮಾತು ನೆನೆಯೋಣ. ಜನಕ್ಕೆ ತಿಳಿಯದು ಎಂದು ಗದರಿಸುವ ಬದಲು, ಅವರು ಬಲ್ಲ ಆ ಬಿದ್ದ ಇಲಿಯಿಂದಲೇ ಮಾತು ತೆಗೆದಿದ್ದರೆ, ಸೂಜಿಗೆ ಕೈ ಚಾಚುವವರು ಇನ್ನಷ್ಟು ಮಂದಿ ಇರುತ್ತಿದ್ದರೇನೋ.